ಫ್ಲೋರೈಡ್ ಊರಿನಲ್ಲಿ ಇಪ್ಪತ್ತು ವರ್ಷದ ಅಧ್ಯಯನ: ಜನ ಕೈತಪ್ಪದ ಹಾಗೆ ಕಟ್ಟೋದು ಹೇಗೆ?

ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರೋದು ಹೊಸ ಸುದ್ದಿಯೇನಲ್ಲ. ಹಲ್ಲಿನ ಕಲೆ ಚಿಕ್ಕಂದಿನಲ್ಲೇ ಕಾಣುತ್ತೆ, ಮೂಳೆಯ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಮೂಳೆ, ಕೀಲು ಬಿಗಿಯುವ ಕಾಯಿಲೆ) ಬಲಿಯೋಕೆ ವರ್ಷಗಳೇ ಬೇಕು. ಅದಕ್ಕೇ ಒಂದೇ ಗುಂಪಿನ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ನೋಡುವ ಅಧ್ಯಯನ, ಅಂದರೆ ಕೊಹಾರ್ಟ್ ಅಧ್ಯಯನ, ಬೇಕಾಗೋದು. ಇಂಥ ಅಧ್ಯಯನದ ಹಳ್ಳಿ ಕೆಲಸ ನೋಡಿಕೊಳ್ಳುವವಳಾಗಿ, ಹೊಸದಾಗಿ ಶುರುಮಾಡುವವರಿಗೆ ನಾನು ಹೇಳೋದಿಷ್ಟು.

ಪಂಚಾಯಿತಿ ಮುಂದೆ ಶಿಬಿರ ಹಾಕಿ ಬಂದವರನ್ನು ಸೇರಿಸಿಕೊಳ್ಳಬೇಡಿ. ಬರೋರು ನಡೆಯಬಲ್ಲವರು, ಪುರುಸೊತ್ತಿದ್ದವರು. ನಿಮಗೆ ಬೇಕಾದ ಮನುಷ್ಯ ಬೆನ್ನು ಬಗ್ಗಿ ಮನೆ ಜಗಲಿ ಮೇಲೇ ಕೂತಿರುತ್ತಾನೆ. ಆಶಾ ಕಾರ್ಯಕರ್ತೆಯ ಮನೆಪಟ್ಟಿ ಹಿಡಿದು ಕೇರಿ, ತಾಂಡಾ, ತೋಟದ ಮನೆಗಳನ್ನೂ ಸೇರಿಸಿ, ಆಮೇಲೆ ಚೀಟಿ ಎತ್ತಿ. ಪ್ರಶ್ನೆಗಳು ಕನ್ನಡದಲ್ಲಷ್ಟೇ ಇದ್ದರೆ ಸಾಲದು. ಇಲ್ಲಿ ಎಷ್ಟೋ ಮನೆಯ ಮಾತು ತೆಲುಗು, ತಾಂಡಾದಲ್ಲಿ ಲಂಬಾಣಿ. ಓದು ಬಾರದವರಿಗೆ ಒಪ್ಪಿಗೆ ಪತ್ರ ಓದಿ ಹೇಳಿ, ತಂಡಕ್ಕೆ ಸೇರದ ಸಾಕ್ಷಿಯ ಎದುರೇ ಹೆಬ್ಬೆಟ್ಟು ಹಾಕಿಸಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತೆ.

ನೀರಿನ ಪ್ರಶ್ನೆಯಲ್ಲಿ ಅವಸರ ಬೇಡ.

“ಅಜ್ಜಿ, ಯಾವ ನೀರು ಕುಡೀತೀರಾ?”

“ಫಿಲ್ಟರ್ ನೀರು ಕಣಮ್ಮ.”

“ಮುದ್ದೆಗೆ?”

“ಅದಕ್ಕೂ ದುಡ್ಡು ಕೊಟ್ಟು ತರ್ತಾರಾ? ಬೋರಿಂದೇ.”

ಮೊದಲ ಉತ್ತರಕ್ಕೇ ಟಿಕ್ ಹಾಕಿ ಎದ್ದರೆ ಲೆಕ್ಕವೇ ತಪ್ಪು. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತೆ. ಟೀ ಪುಡಿಯಲ್ಲೂ ಫ್ಲೋರೈಡ್ ಇದೆ. ಕುಡಿಯೋದು, ಅಡುಗೆ, ಟೀ, ಮೂರಕ್ಕೂ ಬೇರೆ ಬೇರೆ ಕಾಲಂ ಇರಲಿ. ಪ್ರತಿ ಸುತ್ತಿನಲ್ಲೂ ಹೊಸದಾಗಿ ಕೇಳಿ. 2019ರಲ್ಲಿ ಜಲಜೀವನ್ ಮಿಷನ್ ಶುರುವಾದ ಮೇಲೆ ಎಷ್ಟೋ ಮನೆಗಳ ನೀರಿನ ಮೂಲವೇ ಬದಲಾಗಿದೆ.

ತಪಾಸಣೆ ಮನೆಯಲ್ಲೇ ಆಗಲಿ. ಬಗ್ಗಿ ಕಾಲ್ಬೆರಳು ಮುಟ್ಟೋದು, ಗದ್ದ ಎದೆಗೆ ತಾಗಿಸೋದು, ಎರಡೂ ಕೈ ತಲೆ ಹಿಂದೆ ಇಡೋದು: ಮೈ ಎಷ್ಟು ಬಿಗಿದಿದೆ ಅಂತ ನೋಡುವ ಈ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಮೂತ್ರದ ಮಾದರಿಗೆ ಪ್ಲಾಸ್ಟಿಕ್ ಬಾಟಲಿಯೇ ಬೇಕು, ಗಾಜಿನದ್ದು ಬೇಡ. ಮಂಡಿ ಮಡಚಲಾಗದವರಿಗಾಗಿ ಜೀಪಿನಲ್ಲಿ ಒಂದು ಕಮೋಡ್ ಕುರ್ಚಿ ಇರಲಿ. ಅದು ಯಾವ ಬಜೆಟ್ಟಿನಲ್ಲೂ ಇರೋದಿಲ್ಲ ಅನ್ನೋದು ಬೇರೆ ಮಾತು!

ಜನ ಕೈತಪ್ಪೋದು ಬೇಸರದಿಂದಲ್ಲ, ಬದುಕಿನ ಓಡಾಟದಿಂದ. ಸೊಸೆ ಹೆರಿಗೆಗೆ ತವರಿಗೆ ಹೋಗುತ್ತಾಳೆ, ಮಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ. ಸಿಮ್ಮೂ ಬದಲಾಗುತ್ತೆ. ಮೊದಲ ದಿನವೇ ತವರಿನ, ಅಕ್ಕನ ಮನೆಯ, ಪಕ್ಕದ ಅಂಗಡಿಯ ನಂಬರು ಒಪ್ಪಿಗೆ ಕೇಳಿಯೇ ಬರೆದುಕೊಳ್ಳಿ. ಯುಗಾದಿಗೋ ಊರ ಜಾತ್ರೆಗೋ ಎಲ್ಲರೂ ಬರುತ್ತಾರೆ. ಹಬ್ಬದ ಮಾರನೇ ದಿನ ಹೋಗಿ. ಕೂಲಿ ಹೋದರೆ ಕೂಲಿ ಕೊಡಿ.

ಫಲಿತಾಂಶ ಮನೆಗೆ ತಲುಪಿಸದೆ ಮುಂದಿನ ಸುತ್ತಿಗೆ ಹೋಗಬೇಡಿ. ಬಾಂಗ್ಲಾದೇಶದ ಆರೈಹಾಜಾರ್‌ನಲ್ಲಿ 2000ದಲ್ಲಿ ಶುರುವಾದ ಆರ್ಸೆನಿಕ್ ಅಧ್ಯಯನ ಸುಮಾರು 12,000 ಜನರನ್ನು ಸೇರಿಸಿಕೊಂಡಿತು. ಅಲ್ಲಿ ಕೊಳವೆಬಾವಿಗಳನ್ನು ಪರೀಕ್ಷಿಸಿ ಯಾವುದು ಸುರಕ್ಷಿತ ಅಂತ ಮನೆಯವರಿಗೇ ಹೇಳಿದರು. ನಮ್ಮಲ್ಲೂ ಬೋರಿನ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆದುಕೊಡಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಅಡುಗೆಗೂ ಅದು ಬೇಡ ಅಂತ ಬಾಯಿಬಿಟ್ಟು ಹೇಳಿ, ಹತ್ತಿರದಲ್ಲಿ ಬೇರೆ ನೀರು ಎಲ್ಲಿ ಸಿಗುತ್ತೆ ಅನ್ನೋದನ್ನೂ ಅದೇ ಚೀಟಿಯಲ್ಲಿ ಬರೆದುಕೊಡಿ.