ಮಖೆಯ ಕೆಳಗೆ ಅಜ್ಜನ ಕತ್ತಲೆ

ಅಜ್ಜ ಹೇಳುತ್ತಿದ್ದ ಕಥೆ ಮೂರೇ ವಾಕ್ಯದ್ದು. ‘ದಂಗೆಯ ದಿನ ನಾವಿಕರಿಗೆ ಇಡ್ಲಿ ಹೊತ್ತುಕೊಂಡು ಹೋಗಿದ್ದೆ. ಬರುವಾಗ ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲೆ. ಮೇಲೆ ಮಖೆ ಇತ್ತು.’ ದಂಗೆ ಎಂದರೆ 1946ರಲ್ಲಿ ಮುಂಬಯಿಯ ನಾವಿಕರು ಬ್ರಿಟಿಷ್ ಅಧಿಕಾರಿಗಳ ವಿರುದ್ಧ ಎದ್ದದ್ದು. ಮಖೆ ಎಂದರೆ ಮಖಾ ನಕ್ಷತ್ರ. ಕುಂದಾಪುರದ ಕಡೆಯ ಹಳ್ಳಿಯಿಂದ ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದವರು ಅವರು. ಫೋರ್ಟಿನ ಹೋಟೆಲೊಂದರ ಭಟಾರಖಾನೆಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ಹಿಟ್ಟು ರುಬ್ಬಿ, ಆಮೇಲೆ ಮಾಣಿಯಾಗಿ, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಆ ಮೂರು ವಾಕ್ಯಗಳನ್ನು ಪುಸ್ತಕ ಮಾಡಲು ನನಗೆ ನಾಲ್ಕು ವರ್ಷ ಹಿಡಿಯಿತು.

ಮೊದಲ ವರ್ಷ ಬರೆದದ್ದೆಲ್ಲ ರದ್ದಿಗೆ ಹೋಯಿತು. ‘ನಕ್ಷತ್ರಗಳು ಮೌನಸಾಕ್ಷಿಯಾಗಿದ್ದವು’ ಎಂಬ ಜಾತಿಯ ಸಾಲುಗಳು ಪುಟಕ್ಕೆ ಎರಡರಂತೆ ಇದ್ದವು. ಮನೆಯ ಕಥೆ ಒಂದು ಕಡೆ, ದೇಶದ ಇತಿಹಾಸ ಇನ್ನೊಂದು ಕಡೆ, ಆಕಾಶ ಮೇಲಿನ ತೋರಣ. ತೋರಣ ಕಿತ್ತರೂ ಮನೆಗೆ ಏನೂ ಆಗುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಒಂದು ಸಣ್ಣ ಲೆಕ್ಕದಿಂದ. ಮಖಾ ನಕ್ಷತ್ರ ನಮ್ಮಿಂದ ಸುಮಾರು 79 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿಯ ಬೆಳಕು ಇಲ್ಲಿಗೆ ಬರಲು ಅಷ್ಟೇ ವರ್ಷ ಬೇಕು. ಅಂದರೆ ಅಜ್ಜ ಇಡ್ಲಿ ಹೊತ್ತ 1946ರ ಸುಮಾರಿಗೆ ಅಲ್ಲಿಂದ ಹೊರಟ ಬೆಳಕು ನಮ್ಮ ಕಣ್ಣಿಗೆ ಬಿದ್ದದ್ದು 2025ರ ಹೊತ್ತಿಗೆ. ನಕ್ಷತ್ರದ ದೂರವನ್ನೇ ಅಧ್ಯಾಯದ ಇಸವಿಯನ್ನಾಗಿ ಮಾಡಿಕೊಂಡೆ. ರೋಹಿಣಿ 65 ಜ್ಯೋತಿರ್ವರ್ಷ. ಅದು ಮುಂಬಯಿ ಹೊಸ ಮಹಾರಾಷ್ಟ್ರದ ರಾಜಧಾನಿಯಾದ 1960. ಕರ್ನಾಟಕದವರೂ ಅಲ್ಲ, ಮರಾಠಿಗರೂ ಅಲ್ಲ ಎಂಬ ನಮ್ಮ ಮನೆಯ ಹಳೆಯ ಗೊಂದಲಕ್ಕೆ ಅಲ್ಲಿ ಜಾಗ ಸಿಕ್ಕಿತು. ಸ್ವಾತಿ 37, ಅದು 1988, ಅಜ್ಜ ತೀರಿಕೊಂಡ ವರ್ಷ. ಶ್ರವಣ ಹದಿನೇಳಕ್ಕೂ ತುಸು ಕಡಿಮೆ. ಅದು 2008ಕ್ಕೆ ಕರೆದೊಯ್ಯುತ್ತದೆ. ಆ ನವೆಂಬರಿನ ಮೂರು ರಾತ್ರಿಗಳ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಆ ಅಧ್ಯಾಯ ಬರೆಯಲಿಲ್ಲ. ಆರಿದ್ರೆಯನ್ನು ವಿಜಯನಗರಕ್ಕೆ ಕಟ್ಟುವ ಆಸೆಯೂ ಇತ್ತು. ಆದರೆ ಅದರ ದೂರದ ಅಳತೆಯೇ ನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ಅತ್ತಿತ್ತ ಓಲಾಡುತ್ತದೆ. ಅಷ್ಟು ಸಡಿಲವಾದ ಗೂಟಕ್ಕೆ ಹಸುವನ್ನೂ ಕಟ್ಟಬಾರದು.

ಮಖೆಯ ಅಧ್ಯಾಯವೇ ನನ್ನನ್ನು ಹಣ್ಣು ಮಾಡಿದ್ದು. ಕೊಲಾಬಾದ ‘ತಲವಾರ್’ ನೌಕಾ ತರಬೇತಿ ಕೇಂದ್ರದಲ್ಲಿ 1946ರ ಫೆಬ್ರವರಿ 18ರಂದು ನಾವಿಕರು ಊಟ ನಿರಾಕರಿಸಿದರು. ಕೆಟ್ಟ ಊಟವೂ ಬಿಳಿಯ ಅಧಿಕಾರಿಗಳ ಬೈಗುಳವೂ ಹಚ್ಚಿದ ಕಿಡಿ ಅದು. ಕೆಲವೇ ದಿನಗಳಲ್ಲಿ ಸುಮಾರು 20,000 ನಾವಿಕರಿಗೆ ಹರಡಿತು. ಊಟಕ್ಕಾಗಿ ಎದ್ದ ದಂಗೆಗೆ ಹೋಟೆಲಿನ ಹುಡುಗನೊಬ್ಬ ಇಡ್ಲಿ ಹೊತ್ತ ಎಂಬುದು ನನಗೆ ಎಷ್ಟು ಹಿಡಿಸಿತೆಂದರೆ, ಹಿಂದೆಮುಂದೆ ನೋಡದೆ 18ರ ರಾತ್ರಿಯನ್ನೇ ಆರಿಸಿಕೊಂಡು, ಕಗ್ಗತ್ತಲ ಗಲ್ಲಿಯ ಬಗ್ಗೆ ಆರು ಪುಟ ಬರೆದೆ.

ಅದಾದ ಮೇಲೆ ಕಂಪ್ಯೂಟರಿನಲ್ಲಿ ಸ್ಟೆಲೇರಿಯಂ ಎಂಬ ಆಕಾಶ ತೋರಿಸುವ ತಂತ್ರಾಂಶ ತೆರೆದು ಆ ದಿನಾಂಕಕ್ಕೆ ಆಕಾಶವನ್ನು ಹಿಂದಕ್ಕೆ ತಿರುಗಿಸಿದೆ. ಹುಣ್ಣಿಮೆ ಕಳೆದು ಎರಡೇ ದಿನ! ಊಟದ ಹೊತ್ತು ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ತುಂಬು ಚಂದ್ರ ಸಮುದ್ರದ ಆಚೆ ದಂಡೆಯಿಂದ ಮೇಲೆ ಬಂದಿದ್ದ. ನನ್ನ ಆರು ಪುಟಗಳ ಕತ್ತಲೆ ಬೆಳದಿಂಗಳಲ್ಲಿ ಕರಗಿ ಹೋಯಿತು.

ಅಜ್ಜ ಮರೆತಿರಬೇಕು ಎಂದುಕೊಂಡು ಒಂದು ವಾರ ಕಳೆದೆ. ಆಮೇಲೆ ಅಜ್ಜನ ಮಗಳಾದ ಡೊಂಬಿವಲಿಯ ಅತ್ತೆಯ ಮನೆಗೆ ಹೋದೆ. ನನ್ನಂತೆ ಬರೆಯಲು ಹೊರಟವರಿಗೆ ಒಂದು ಮಾತು: ಹಿರಿಯರನ್ನು ಇತಿಹಾಸ ಕೇಳಬೇಡಿ. ‘ದಂಗೆಯ ಬಗ್ಗೆ ಹೇಳಿ’ ಎಂದರೆ ಅವರು ಪಠ್ಯಪುಸ್ತಕವನ್ನೇ ನಮಗೆ ಒಪ್ಪಿಸುತ್ತಾರೆ. ನಾನು ಕೇಳಿದ್ದು ಹೋಟೆಲಿನ ದಿನಚರಿಯನ್ನು. ಎಷ್ಟು ಸೇರು ಅಕ್ಕಿ, ಯಾರು ರುಬ್ಬುತ್ತಿದ್ದರು, ಗಲ್ಲಾದಲ್ಲಿ ಯಾರು ಕೂರುತ್ತಿದ್ದರು. ಅಂಥದೊಂದು ಮಾತಿನ ನಡುವೆ ಅತ್ತೆ ಅಂದರು: ‘ಕತ್ತಲೆಯಲ್ಲಿ ಬಂದ ದಿನ ಹೋಟೆಲಿನ ಬಾಗಿಲೇ ತೆರೆದಿರಲಿಲ್ಲವಂತೆ ಮಾರಾಯ್ತಿ. ಹಿಟ್ಟೇ ರುಬ್ಬಿರಲಿಲ್ಲ.’

ಬಾಗಿಲು ಮುಚ್ಚಿದ್ದು ಎಂದರೆ ಹರತಾಳ. ಹರತಾಳ 22ರಂದು. ಹಿಂದಿನ ದಿನ ನಾವಿಕರ ನೆಲೆಯಾದ ಕ್ಯಾಸಲ್ ಬ್ಯಾರಕ್ಸಿನಲ್ಲಿ ಗುಂಡು ಹಾರಿತ್ತು. ಗೇಟ್‌ವೇ ಬಳಿ ಜನ ನಾವಿಕರಿಗೆ ತಿಂಡಿಯ ಪೊಟ್ಟಣ ತಂದು ಕೊಡುತ್ತಿದ್ದರು. 22ಕ್ಕೆ ಗಿರಣಿಗಳು, ಅಂಗಡಿಗಳು ಎಲ್ಲ ಮುಚ್ಚಿ, ಬೀದಿಯಲ್ಲೇ ಗುಂಡಿನ ದಾಳಿ ನಡೆದು, ಆ ಕೆಲವು ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 22ರ ರಾತ್ರಿ ಚಂದ್ರ ಮೂಡಿದ್ದು ನಡುರಾತ್ರಿಯ ಹೊತ್ತಿಗೆ. ಅಲ್ಲಿಯ ತನಕ ಕತ್ತಲೆ, ಪೂರ್ವದಿಂದ ಮೇಲೇರುತ್ತಿದ್ದ ಮಖೆ. ಅಜ್ಜನ ಒಂದು ರಾತ್ರಿಯೊಳಗೆ ಎರಡು ದಿನಗಳು, ಇಡ್ಲಿಯ 21 ಮತ್ತು ಕತ್ತಲೆಯ 22, ಸೇರಿಕೊಂಡಿದ್ದವು, ಅಷ್ಟೆ. ತಪ್ಪು ದಿನಾಂಕ ಹಾಕಿದ್ದು ನಾನು.

ಎರಡು ದಿನಗಳನ್ನು ಬಿಡಿಸಿ ಬರೆಯಬೇಕೇ ಎಂದು ಬಹಳ ತಿಣುಕಾಡಿದೆ. ಕೊನೆಗೆ ಅಜ್ಜನ ಮೂರು ವಾಕ್ಯಗಳನ್ನು ಮುಟ್ಟಲಿಲ್ಲ. ಅದರ ಕೆಳಗೆ, ನನ್ನ ದನಿಯಲ್ಲಿ, ಚಂದ್ರನ ಲೆಕ್ಕ ಬರೆದೆ.

ಇನ್ನೊಂದು ಗುಟ್ಟು ಬಿಡಿಸಿಕೊಳ್ಳಬೇಕಿತ್ತು. ಊರಿನಲ್ಲಿ ಮಖೆ ಎಂದರೆ ಮಳೆ, ಆಗಸ್ಟ್ ಉತ್ತರಾರ್ಧದ್ದು. ಸೂರ್ಯ ಆ ನಕ್ಷತ್ರದಲ್ಲಿರುವ ದಿನಗಳು ಅವು. ಹಾಗಾಗಿ ನಕ್ಷತ್ರ ಕಾಣುವುದೇ ಇಲ್ಲ. ಅದು ರಾತ್ರಿಯಿಡೀ ಕಾಣುವುದು ಮಳೆಯ ಸುಳಿವೇ ಇಲ್ಲದ ಫೆಬ್ರವರಿಯಲ್ಲಿ. ಮಳೆಯ ಹೆಸರಾಗಿ ಕೇಳಿದ್ದನ್ನು ಚುಕ್ಕೆಯಾಗಿ ಅಜ್ಜನಿಗೆ ತೋರಿಸಿದವರು ಯಾರೆಂದು ಅತ್ತೆಗೂ ತಿಳಿಯದು. ಪಂಚಾಂಗದಲ್ಲಿ ಮಖೆಯ ಅಧಿದೇವತೆ ಪಿತೃಗಳು. ಇದನ್ನು ಪುಸ್ತಕದಲ್ಲಿ ಒಂದೇ ಸಲ, ಅದೂ ನಡುವಿನ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋದೆ. ಶೀರ್ಷಿಕೆಯಲ್ಲೇ ಇರಲಿ ಎಂದ ಗೆಳೆಯರಿದ್ದರು. ಅವರ ಮಾತು ಕೇಳದಿದ್ದದ್ದು ಒಳ್ಳೆಯದಾಯಿತು.

2025ರ ಫೆಬ್ರವರಿ 22, ಶನಿವಾರ. ಅತ್ತೆಯನ್ನು ಕರ್ಜತ್ ಲೋಕಲ್ಲಿನಲ್ಲಿ ವಾಂಗಣಿಗೆ ಕರೆದುಕೊಂಡು ಹೋದೆ. ನಗರದ ದೀಪಗಳಿಂದ ತಪ್ಪಿಸಿಕೊಂಡ ಮುಂಬಯಿಯ ಆಕಾಶಪ್ರಿಯರು ಸೇರುವ ಊರು ಅದು. ಗದ್ದೆಯ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ, ಪೂರ್ವಕ್ಕೆ ಕೈ ತೋರಿಸಿದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

‘ಇದಾ? ಇಷ್ಟು ಸಣ್ಣದಾ?’ ಎಂದರು. ‘ಅಪ್ಪ ಹೇಳುವಾಗ ದೊಡ್ಡದಿತ್ತು.’

ಕೊನೆಯ ಲೋಕಲ್ ಎಷ್ಟು ಗಂಟೆಗೆ ಎಂದು ಅದರ ಬೆನ್ನಿಗೇ ಕೇಳಿದರು.