ನಾಲೆ ನೀರಿನ ಅಟ್ರಜಿನ್ ಹಿಡಿಯಲು ಪಾಲಿಮರ್ ಅಚ್ಚು

ಮಂಡ್ಯದ ಕಡೆ ಕಬ್ಬು, ಮುಸುಕಿನ ಜೋಳದ ಕಳೆಗೆ ಹೊಡೆದ ಅಟ್ರಜಿನ್ ಮಳೆ ಬಿದ್ದರೆ ನಾಲೆಗೂ ಇಳಿಯಬಹುದು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 2 ಮೈಕ್ರೋಗ್ರಾಂ. ಅಷ್ಟನ್ನು ಎಚ್‌ಪಿಎಲ್‌ಸಿಯ (ದ್ರವದಲ್ಲಿರುವ ವಸ್ತುಗಳನ್ನು ಕಾಲಮ್ಮಿನಲ್ಲಿ ಬೇರ್ಪಡಿಸಿ ಅಳೆಯುವ ಯಂತ್ರ) ಯುವಿ ಡಿಟೆಕ್ಟರ್‌ನಲ್ಲಿ ನೆಚ್ಚುವಂತೆ ನೋಡಲು ಮೊದಲು ಸಾಂದ್ರಗೊಳಿಸಬೇಕು. ಸಾಮಾನ್ಯವಾಗಿ ಬಳಸುವ ಸಿ18 ಕಾರ್ಟ್ರಿಜ್ (ಜಿಡ್ಡು ಸ್ವಭಾವದ ಪುಡಿ ತುಂಬಿದ ಕೊಳವೆ) ಅಟ್ರಜಿನ್ ಜೊತೆ ಹ್ಯೂಮಿಕ್ ಕೊಳೆಯನ್ನೂ, ಅಂದರೆ ಕೊಳೆತ ಎಲೆ-ಮಣ್ಣಿನ ಅಂಶವನ್ನೂ ಹಿಡಿದುಕೊಳ್ಳುತ್ತದೆ. ಅದಕ್ಕೇ ಅಚ್ಚೊತ್ತಿದ ಪಾಲಿಮರ್: ಬೇಕಾದ ಅಣುವಿನ ಆಕಾರದ ಗುಳಿಗಳಿರುವ ಪ್ಲಾಸ್ಟಿಕ್ ಪುಡಿ. ಆಲೆಮನೆಯಲ್ಲಿ ಪಾಕವನ್ನು ಅಚ್ಚಿಗೆ ಹೊಯ್ಯುತ್ತಾರೆ. ಇಲ್ಲಿ ಅಚ್ಚೇ ಒಂದು ಅಣು, ಅದರ ಸುತ್ತ ಪಾಕ ಗಟ್ಟಿಯಾಗಬೇಕು, ಆಮೇಲೆ ಅಚ್ಚನ್ನು ತೊಳೆದು ತೆಗೆಯಬೇಕು.

ಅಚ್ಚಿಗೆ ಅಟ್ರಜಿನ್ನನ್ನೇ ಬಳಸಬೇಡಿ. ಎಷ್ಟು ತೊಳೆದರೂ ಒಳಗೆ ಸಿಕ್ಕಿಕೊಂಡದ್ದು ಜಿನುಗುತ್ತಲೇ ಇದ್ದು, ಶುದ್ಧ ನೀರಿನಲ್ಲೂ ಅಟ್ರಜಿನ್ ತೋರಿಸುತ್ತದೆ. ಅದರ ದಾಯಾದಿ ಪ್ರೊಪಜಿನ್ ಹಾಕಿದರೆ ಜಿನುಗಿದ್ದು ಯಂತ್ರದ ಗೆರೆಯಲ್ಲಿ ಬೇರೆ ಪೀಕ್ (ಏರು) ಆಗಿ ಬರುತ್ತದೆ.

ನಾವು ಬಳಸಿದ ಅಳತೆ: ಪ್ರೊಪಜಿನ್ 230 ಮಿಲಿಗ್ರಾಂ, ಅದನ್ನು ಹಿಡಿಯುವ ಮೆಥಾಕ್ರಿಲಿಕ್ ಆಮ್ಲ 0.34 ಮಿಲಿ, ಜಾಲ ಹೆಣೆಯುವ ಇಜಿಡಿಎಂಎ 3.8 ಮಿಲಿ, ದ್ರಾವಕವಾಗಿ ಟಾಲ್ಯೂಯಿನ್ 6 ಮಿಲಿ, ಕ್ರಿಯೆ ಶುರುಮಾಡುವ ಎಐಬಿಎನ್ 50 ಮಿಲಿಗ್ರಾಂ. ಮೊದಲು ಟಾಲ್ಯೂಯಿನ್‌ನಲ್ಲಿ ಆಮ್ಲ ಮತ್ತು ಪ್ರೊಪಜಿನ್ ಬೆರೆಸಿ. ಒಂದು ಕಾಳೂ ಉಳಿಯಬಾರದು, ಉಳಿದರೆ ಅಲ್ಟ್ರಾಸೋನಿಕ್ ಬಾತ್‌ಗೆ ಇಡಿ. ಇಜಿಡಿಎಂಎಯನ್ನು ಅಲ್ಯುಮಿನಾ ಮೇಲೆ ಹಾಯಿಸಿ ಇನ್‌ಹಿಬಿಟರ್ (ಬಾಟಲಿಯಲ್ಲೇ ಗಟ್ಟಿಯಾಗದಂತೆ ಹಾಕಿರುವ ತಡೆವಸ್ತು) ತೆಗೆದಿರಬೇಕು. ಅದನ್ನೂ ಎಐಬಿಎನ್ ಅನ್ನೂ ಸೇರಿಸಿ. ಐಸ್ ಮೇಲಿಟ್ಟು 10 ನಿಮಿಷ ನೈಟ್ರೋಜನ್ ಊದಿ, ಮುಚ್ಚಿ, 60 ಡಿಗ್ರಿಯ ನೀರಿನ ಬಾತ್‌ನಲ್ಲಿ 24 ಗಂಟೆ. ಆ ಬಾತ್‌ಗೆ ಯುಪಿಎಸ್ ಇರಲಿ: ರಾತ್ರಿ ಕರೆಂಟ್ ಹೋದರೆ ಅರೆಬೆಂದ ಮೆತ್ತನೆಯ ಮುದ್ದೆ ಸಿಗುತ್ತದೆ, ಅದನ್ನು ಉಳಿಸಿಕೊಳ್ಳುವ ದಾರಿಯಿಲ್ಲ. ಅದೇ ದಿನ, ಅದೇ ಬಾಟಲಿಗಳಿಂದ ಹೋಲಿಕೆಗೆ ಪ್ರೊಪಜಿನ್ ಇಲ್ಲದ ಜೋಡಿ ಪಾಲಿಮರನ್ನೂ ಮಾಡಿ.

ಅರೆದು 38ರಿಂದ 75 ಮೈಕ್ರಾನ್ ಜರಡಿ ಹಿಡಿದು, ಅಸಿಟೋನಿನಲ್ಲಿ ಕದಡಿ, ತಳಕ್ಕಿಳಿಯದ ಹಾಲುಗದಡನ್ನು ನಾಲ್ಕೈದು ಸಲ ಬಗ್ಗಿಸಿ. ಇದನ್ನು ಬಿಟ್ಟರೆ ಕಾರ್ಟ್ರಿಜ್ ಕಟ್ಟಿಕೊಳ್ಳುವುದು ಖಂಡಿತ. ನಂತರ ಮೆಥನಾಲ್–ಅಸಿಟಿಕ್ ಆಮ್ಲ 9:1ರಲ್ಲಿ 24ರಿಂದ 48 ಗಂಟೆ ಸಾಕ್ಸ್‌ಲೆಟ್ (ಕುದಿದು ಮರಳುವ ದ್ರಾವಕದಿಂದ ಮತ್ತೆ ಮತ್ತೆ ತೊಳೆಯುವ ಗಾಜಿನ ಸಾಧನ); ಹೊರಬರುವ ದ್ರವದಲ್ಲಿ ಪ್ರೊಪಜಿನ್ ಕಾಣದಾಗಬೇಕು.

ಈ ಪುಡಿಯನ್ನು ಖಾಲಿ ಕಾರ್ಟ್ರಿಜ್‌ಗೆ 200 ಮಿಲಿಗ್ರಾಂ ತುಂಬಿ, 0.45 ಮೈಕ್ರಾನ್‌ನಲ್ಲಿ ಸೋಸಿದ 100 ಮಿಲಿ ನಾಲೆ ನೀರನ್ನು ನಿಧಾನವಾಗಿ ಹಾಯಿಸಿ. ನೀರಿನಲ್ಲಿ ಹೈಡ್ರೋಜನ್ ಬಂಧ ಸಡಿಲ, ಆದ್ದರಿಂದ ಆ ಹೊತ್ತಿಗೆ ಪಾಲಿಮರ್ ಜಿಡ್ಡಿನಂತೆ ಎಲ್ಲವನ್ನೂ ಹಿಡಿಯುತ್ತದೆ. ಆಯ್ಕೆ ನಡೆಯುವುದು ಮುಂದಿನ ತೊಳೆತದಲ್ಲಿ: ವ್ಯಾಕ್ಯೂಮ್‌ನಲ್ಲಿ 30 ನಿಮಿಷ ಪೂರ್ತಿ ಒಣಗಿಸಿ 1 ಮಿಲಿ ಟಾಲ್ಯೂಯಿನ್ ಹಾಯಿಸಿದರೆ ಬೇಡದ್ದು ಹೋಗಿ ಟ್ರಯಜಿನ್ (ಅಟ್ರಜಿನ್ ಕುಟುಂಬದ ಅಣು) ಉಳಿಯುತ್ತದೆ. ತೇವವಿದ್ದರೆ ಟಾಲ್ಯೂಯಿನ್ ಒಳಗೆ ಇಳಿಯದು. ಮತ್ತೆ ಒಣಗಿಸಿ; ಇಲ್ಲದಿದ್ದರೆ ಉಳಿದ ಟಾಲ್ಯೂಯಿನ್ ಯುವಿಯಲ್ಲಿ ದೊಡ್ಡ ಪೀಕ್ ಕೊಡುತ್ತದೆ. ಹಿಡಿದದ್ದನ್ನು ಅದೇ ಮೆಥನಾಲ್–ಅಸಿಟಿಕ್ ಆಮ್ಲ 9:1 ದ್ರಾವಣ 3 ಮಿಲಿಯಲ್ಲಿ ಇಳಿಸಿ, ನೈಟ್ರೋಜನ್‌ನಲ್ಲಿ ಆರಿಸಿ, 0.5 ಮಿಲಿಗೆ ತಂದು 222 ನ್ಯಾನೋಮೀಟರ್‌ನಲ್ಲಿ ನೋಡಿ. ಲೆಕ್ಕದಲ್ಲಿ ಇದು 200 ಪಟ್ಟು.

ತೊಳೆದ ಮೇಲೂ ಅಚ್ಚಿಲ್ಲದ ಜೋಡಿ ಅಷ್ಟೇ ಹಿಡಿದಿದ್ದರೆ ನಿಮ್ಮ ಅಚ್ಚು ಕೂತಿಲ್ಲ. ಕೂತಿದ್ದರೂ ಇನ್ನೊಂದು ದಾಯಾದಿ ಕಳೆನಾಶಕ ಸಿಮಜಿನ್ ಕೂಡ ಒಳಸೇರುತ್ತದೆ. ಕಾಲಮ್ಮಿನಲ್ಲಿ ಅಟ್ರಜಿನ್, ಸಿಮಜಿನ್ ಎರಡನ್ನೂ ಬೇರ್ಪಡಿಸಿಯೇ ಅಂಕಿ ಬರೆಯಿರಿ.