‘ಟೆನ್ಷನ್ ಮಾಡ್ಕೋಬೇಡ’ ಅಂದರೆ ಸಾಲದು

ಮುಂಬೈಯ ಮೈದಾನಗಳಲ್ಲಿ ಅತಿ ಜಾಸ್ತಿ ಕೇಳಿಸುವ ಸಲಹೆ ‘ಟೆನ್ಷನ್ ಮತ್ ಲೇ.’ ಅಪ್ಪ ಹೇಳುತ್ತಾರೆ, ಕೋಚ್ ಹೇಳುತ್ತಾರೆ, ಪಕ್ಕದ ಪಿಚ್‌ನಲ್ಲಿ ಆಡುತ್ತಿರುವ ಗುರುತಿಲ್ಲದ ಅಂಕಲ್ ಕೂಡ ಹೇಳುತ್ತಾರೆ. ಹುಡುಗ ತಲೆಯಾಡಿಸಿ ಬ್ಯಾಟ್ ಹಿಡಿದು ಹೋಗುತ್ತಾನೆ. ಟೆನ್ಷನ್ ಅವನ ಜೊತೆಗೇ ಹೋಗುತ್ತದೆ. ಹೇಗಿರಬೇಕು ಅಂತ ಎಲ್ಲರೂ ಹೇಳಿದರು, ಅದಕ್ಕೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ನನ್ನ ಕೆಲಸ ಇರುವುದು ಅಲ್ಲೇ.

ನಾನು ಮನಃಶಾಸ್ತ್ರ ಓದಿ, ಆಮೇಲೆ ಕ್ರೀಡಾ ಮನೋವಿಜ್ಞಾನದ ತರಬೇತಿ ಪಡೆದವಳು. ನನ್ನ ಹತ್ತಿರ ಬರುವವರು ಎರಡು ಥರ. ಶಾಲಾ ಕ್ರಿಕೆಟ್ ಆಡುವ ಮಕ್ಕಳು ಒಂದು ಕಡೆ. ಡಾಕ್ಟರು ‘ನಡೀರಿ’ ಅಂದರೂ ನಡೆಯದ, ನಮ್ಮ ಊರಿನ ಕಡೆಯ ಹೋಟೆಲಿನವರು ಇನ್ನೊಂದು ಕಡೆ.

ಡೊಂಬಿವಲಿಯಿಂದ ಕಿಟ್ ಬ್ಯಾಗ್ ಹೊತ್ತು ಲೋಕಲ್‌ನಲ್ಲಿ ಬರುತ್ತಿದ್ದ ಒಬ್ಬ ಬ್ಯಾಟ್ಸ್‌ಮನ್ ಹುಡುಗನ ವಿಷಯ ಹೇಳುತ್ತೇನೆ. ನೆಟ್‌ನಲ್ಲಿ ಚೆನ್ನಾಗಿ ಆಡುತ್ತಿದ್ದ. ಮ್ಯಾಚ್‌ನಲ್ಲಿ ಬೇಗ ಔಟ್. ಸಮಾಧಾನವಾಗಿ ಇರುವುದು ಹೇಗೆ ಅಂತ ನಾನು ಕಲಿಸಬೇಕು ಎಂದು ಅವನ ಅಪ್ಪ ಬಂದಿದ್ದರು. ನಾನು ಹುಡುಗನ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. ಆಡಲು ಇಳಿಯುವ ಮುಂಚೆ ಎದೆ ಎಷ್ಟು ಡವಡವ ಅನ್ನುತ್ತಿದೆ, ಹತ್ತಕ್ಕೆ ಒಂದು ಅಂಕ ಹಾಕು. ಆಟ ಮುಗಿದ ಮೇಲೆ, ಚೆಂಡು ಎಷ್ಟು ಚೆನ್ನಾಗಿ ಕಾಣುತ್ತಿತ್ತು, ಅದಕ್ಕೂ ಒಂದು ಅಂಕ. ರನ್ ಬರೆಯಬೇಡ ಅಂದೆ. ರನ್ ಬರೆದರೆ ಅಪ್ಪ ಅದನ್ನೇ ನೋಡುತ್ತಾರೆ.

ಕೆಲವು ಮ್ಯಾಚ್ ಕಳೆದ ಮೇಲೆ ನೋಟ್‌ಬುಕ್ಕೇ ಹೇಳಿತು. ಅವನು ಚೆನ್ನಾಗಿ ಆಡಿದ್ದು ಎದೆಯ ಡವಡವಕ್ಕೆ ಆರು, ಏಳು ಅಂತ ಬರೆದ ದಿನ. ಎರಡು ಅಂತ ಬರೆದ ದಿನ ಕಾಲೇ ಆಡಿರಲಿಲ್ಲ. ಅಂದರೆ ಇವನಿಗೆ ಸ್ವಲ್ಪ ಟೆನ್ಷನ್ ಬೇಕು! ರಷ್ಯಾದ ಕ್ರೀಡಾ ಮನೋವಿಜ್ಞಾನಿ ಯೂರಿ ಹಾನಿನ್ ಹೇಳಿದ್ದು ಇದನ್ನೇ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಮಟ್ಟದ ಕಾವು ಸರಿಹೊಂದುತ್ತದೆ, ಎಲ್ಲರನ್ನೂ ತಣ್ಣಗೆ ಮಾಡಲು ಹೋಗಬಾರದು. ಅವನ ತೊಂದರೆ ಇದ್ದದ್ದು ಒಂಬತ್ತು, ಹತ್ತಕ್ಕೆ ಏರಿದಾಗ. ಅದನ್ನು ಏಳಕ್ಕೆ ಇಳಿಸಿದರೆ ಸಾಕಿತ್ತು.

ನೋಡುವವರಿದ್ದರೆ ಆಟ ಬದಲಾಗುತ್ತದೆ ಅನ್ನುವುದು ಈ ಶಾಸ್ತ್ರದ ಅತಿ ಹಳೆಯ ಪಾಠ. 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್, ಸೈಕಲ್ ರೇಸಿನವರು ಒಂಟಿಗಿಂತ ಜೊತೆಯಲ್ಲಿದ್ದಾಗ ಜೋರಾಗಿ ಓಡಿಸುವುದನ್ನು ಗಮನಿಸಿದರು. ಆಮೇಲೆ ಮೀನಿನ ಗಾಳದ ದಾರ ಸುತ್ತುವ ರಾಟೆಯನ್ನು 40 ಮಕ್ಕಳ ಕೈಲಿ ತಿರುಗಿಸಿ ನೋಡಿದರು. ಪಕ್ಕದಲ್ಲಿ ಇನ್ನೊಬ್ಬರಿದ್ದಾಗ 20 ಮಕ್ಕಳು ಚುರುಕಾದರು. 10 ಮಕ್ಕಳಿಗೆ ಏನೂ ಆಗಲಿಲ್ಲ. ಉಳಿದ 10 ಮಕ್ಕಳು ಗಡಿಬಿಡಿಯಾಗಿ ಹಿಂದೆ ಬಿದ್ದರು. ‘ಜನ ನೋಡಿದರೆ ಹುರುಪು ಬರುತ್ತೆ’ ಅನ್ನುವ ಕೋಚ್‌ಗಳಿಗೆ ನಾನು ಈ ಕೊನೆಯ ಹತ್ತು ಮಕ್ಕಳ ಕತೆ ಹೇಳುತ್ತೇನೆ. 1965ರಲ್ಲಿ ಮನಃಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ ಇದಕ್ಕೊಂದು ಕಾರಣ ಕೊಟ್ಟರು. ಚೆನ್ನಾಗಿ ಪಳಗಿದ ಕೆಲಸ ಜನರ ಮುಂದೆ ಇನ್ನೂ ಚೆನ್ನಾಗಿ ಆಗುತ್ತದೆ, ಹೊಸದಾಗಿ ಕಲಿಯುತ್ತಿರುವುದು ಕೆಡುತ್ತದೆ. ಅದಕ್ಕೇ ಮ್ಯಾಚ್ ದಿನ ಬೆಳಿಗ್ಗೆ ಗ್ರಿಪ್ ತಿದ್ದುವ ಕೋಚ್‌ಗಳನ್ನು ಕಂಡರೆ ನನಗೆ ಆಗುವುದಿಲ್ಲ.

ಬ್ಯಾಟಿಂಗ್‌ನಲ್ಲಿ ಆಟಕ್ಕಿಂತ ಕಾಯುವುದೇ ಜಾಸ್ತಿ. ಒಂದು ಚೆಂಡಿಗೂ ಇನ್ನೊಂದಕ್ಕೂ ನಡುವಿನ ಖಾಲಿ ಹೊತ್ತಿನಲ್ಲೇ ಮನಸ್ಸು ಎಲ್ಲೆಲ್ಲೋ ಹೋಗುವುದು. ಸೆಲೆಕ್ಟರ್ ಬಂದಿದ್ದಾರಾ, ಹಿಂದಿನ ಚೆಂಡು ಯಾಕೆ ಬಿಟ್ಟೆ. ಆ ಹೊತ್ತಿಗೆ ಒಂದು ಕೆಲಸ ಕೊಟ್ಟೆವು. ಚೆಂಡು ಮುಗಿದ ತಕ್ಷಣ ಕ್ರೀಸ್ ಬಿಟ್ಟು ಸ್ಕ್ವೇರ್ ಲೆಗ್ ಕಡೆ ನಾಲ್ಕು ಹೆಜ್ಜೆ. ದೂರದ ಯಾವುದಾದರೂ ಮರದ ಮೇಲೆ ಕಣ್ಣು. ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ. ವಾಪಸ್ ಬಂದು ಗಾರ್ಡ್, ಬ್ಯಾಟ್ ಎರಡು ಸಲ ನೆಲಕ್ಕೆ, ಮನಸ್ಸಿನಲ್ಲಿ ಒಂದು ಪದ. ಅವನು ಆರಿಸಿದ್ದು ‘ದೇಖ್’, ಅಂದರೆ ‘ನೋಡು’. ಸರಿಯಾಗಿಯೇ ಆರಿಸಿದ. ‘ಗೆಲ್ತೀನಿ, ಗೆಲ್ತೀನಿ’ ಅನ್ನುವ ಹುರುಪಿನ ಮಾತು ಓಟಕ್ಕೆ, ಭಾರ ಎತ್ತುವುದಕ್ಕೆ ಸಹಾಯ ಮಾಡಬಹುದು. ಸೂಕ್ಷ್ಮ ಆಟಕ್ಕೆ ಏನು ಮಾಡಬೇಕೆಂದು ತೋರಿಸುವ ಚಿಕ್ಕ ಪದವೇ ಮೇಲು.

ಇಷ್ಟನ್ನು ನೆಟ್‌ನಲ್ಲಿ ಪ್ರತಿ ಚೆಂಡಿಗೂ ಮಾಡಿಸಿದೆ. ಮೊದಮೊದಲು ಗೆಳೆಯರು ನಕ್ಕರು. ಆಮೇಲೆ ಕೋಚ್ ಜೊತೆ ಮಾತಾಡಿ ನೆಟ್‌ಗೇ ಒತ್ತಡ ತಂದೆವು. ಕೊನೆಯ ಓವರ್, ಎಂಟು ರನ್ ಬೇಕು, ಸುತ್ತಲೂ ಹುಡುಗರು ಕೂಗುತ್ತಿರಬೇಕು, ಔಟಾದರೆ ಪ್ಯಾಡ್ ಬಿಚ್ಚಿ ಹೊರಗೆ. ಆಜಾದ್ ಮೈದಾನ್‌ನಲ್ಲಿ ಆಡುವವರಿಗೆ ಇದು ಬೇಕೇ ಬೇಕು. ಅಲ್ಲಿ ಒಂದು ಮ್ಯಾಚ್‌ನ ಫೀಲ್ಡರ್ ಇನ್ನೊಂದು ಮ್ಯಾಚ್‌ನ ಪಿಚ್ ಹತ್ತಿರ ನಿಂತಿರುತ್ತಾನೆ, ಯಾರದೋ ಔಟಿಗೆ ಯಾರೋ ಕೂಗುತ್ತಾರೆ. ಇಂಥ ತಾಲೀಮು ದೊಡ್ಡವರಿಗೂ ಬಿಟ್ಟಿಲ್ಲ. 2011ರಲ್ಲಿ ವಾಂಖೆಡೆಯಲ್ಲಿ ಭಾರತ ವಿಶ್ವಕಪ್ ಗೆದ್ದಾಗ ತಂಡದ ಜೊತೆ ಪ್ಯಾಡಿ ಅಪ್ಟನ್ ಎಂಬ ಮಾನಸಿಕ ತರಬೇತುದಾರರೂ ಇದ್ದರು.

ಹುಡುಗ ರಾತ್ರೋರಾತ್ರಿ ಬದಲಾಗಲಿಲ್ಲ. ಔಟಾದ ಮೇಲೂ ಅವನಿಗೆ ಚೆಂಡು ಕಂಡದ್ದು ನೆನಪಿರುತ್ತಿತ್ತು, ನನಗೆ ಅದು ದೊಡ್ಡದು. ಅವನಪ್ಪನಿಗೂ ಒಂದು ಕೆಲಸ ಕೊಟ್ಟೆ: ವಾಪಸ್ ಹೋಗುವ ಟ್ರೇನ್‌ನಲ್ಲಿ ಕಲ್ಯಾಣ್ ಕಡೆಯ ಜಂಗುಳಿ ತಾನೇ ಸಾಕಷ್ಟಿದೆ, ಆಟದ ಮಾತು ಹುಡುಗ ತೆಗೆದರೆ ಮಾತ್ರ.

ಇನ್ನು ಶೆಟ್ರು. ಮಾಟುಂಗಾದಲ್ಲಿ ಹೋಟೆಲು, ಸಕ್ಕರೆ ಕಾಯಿಲೆ, ಜಿಮ್‌ಗೆ ವರ್ಷದ ದುಡ್ಡು ಕಟ್ಟಿ ಹೋಗದೆ ಬಿಟ್ಟಿದ್ದರು. ‘ಮನಸ್ಸು ಗಟ್ಟಿ ಇಲ್ಲ ಮೇಡಂ’ ಅಂದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಇಡ್ಲಿಗೆ ನಿಲ್ಲುವ ಮನುಷ್ಯ! ಮನಸ್ಸಿಗೇನೂ ಆಗಿರಲಿಲ್ಲ, ಹೊತ್ತು ಮತ್ತು ಜಾಗ ಗೊತ್ತುಮಾಡಿರಲಿಲ್ಲ ಅಷ್ಟೇ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಹೇಳಿಕೊಟ್ಟ ಉಪಾಯವನ್ನೇ ಬಳಸಿದೆ. ‘ನಡೀತೀನಿ’ ಅನ್ನಬೇಡಿ, ‘ಇದು ಆದ ತಕ್ಷಣ ಅದು’ ಅನ್ನಿ. ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದು ಗಲ್ಲಾ ಲೆಕ್ಕ ಆದ ತಕ್ಷಣ ಶೂ. ಶೂ ಗಲ್ಲಾದ ಕೆಳಗೇ ಇರಬೇಕು. ಹತ್ತಿರದ ಫೈವ್ ಗಾರ್ಡನ್ಸ್ ಪಾರ್ಕ್‌ನಲ್ಲಿ ಮರದ ನೆರಳಿದೆ, ಬಿಸಿಲಿನ ನೆವ ನಡೆಯುವುದಿಲ್ಲ. ಮಳೆಗಾಲಕ್ಕೆ ಬಿಲ್ಡಿಂಗ್ ಮೆಟ್ಟಿಲು ಅಂತ ಮೊದಲೇ ಮಾತಾಯಿತು.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಬೇಕು ಅನ್ನುತ್ತದೆ. ನಾನು ಆ ಲೆಕ್ಕ ಮೊದಲ ದಿನ ಹೇಳಲಿಲ್ಲ. ಒಂದೇ ಸುತ್ತು, ಖಂಡಿತ ಆಗುವಷ್ಟು. ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದಂತೆ, ‘ನನ್ನಿಂದ ಆಗುತ್ತೆ’ ಅನ್ನುವ ನಂಬಿಕೆ ಬರುವುದು ಮುಖ್ಯವಾಗಿ ಮಾಡಿ ನೋಡಿದ್ದರಿಂದ, ಭಾಷಣದಿಂದ ಅಲ್ಲ. ವೇಗಕ್ಕೆ ಒಂದು ಅಳತೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಶೆಟ್ರು ಪಕ್ಕದ ಅಂಗಡಿಯವರನ್ನು ಜೊತೆಗೆ ಕರೆದುಕೊಂಡರು. ತುಳುವಿನಲ್ಲಿ ಊರಿನ ಜಾಗದ ವ್ಯಾಜ್ಯ ಮಾತಾಡುತ್ತಾ ಸುತ್ತು ತಾನಾಗಿ ಜಾಸ್ತಿಯಾಯಿತು. ಮಗ ತಂದುಕೊಟ್ಟ ಹೆಜ್ಜೆ ಎಣಿಸುವ ವಾಚ್ ಮಾತ್ರ ಅವರು ಕಟ್ಟಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಹೇರಿದ್ದು ಜಾಸ್ತಿ ದಿನ ಬಾಳುವುದಿಲ್ಲ, ಅಲ್ವಾ?

ಇವೆಲ್ಲ ಆರೋಗ್ಯವಾಗಿರುವ ಮನಸ್ಸಿಗೆ. ಮಗು ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದೆ, ಸುಮ್ನೆ ಕೂತು ಅಳುತ್ತದೆ ಅಂದರೆ ಉಸಿರಾಟ ಕಲಿಸುತ್ತಾ ಕೂರುವುದಿಲ್ಲ, ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಆಟ ಕೆಲವು ತಿಂಗಳು ನಿಂತರೂ ಪರವಾಗಿಲ್ಲ ಅಂತ ಮನೆಯವರಿಗೆ ಹೇಳುವುದೂ ನನ್ನ ಪಾಲಿಗೇ ಬರುತ್ತದೆ. ಎಷ್ಟೋ ಮನೆಗಳಲ್ಲಿ ಕಿಟ್‌ಗೂ ಕೋಚಿಂಗ್‌ಗೂ ಸಾಲ ಮಾಡಿರುತ್ತಾರೆ. ಅವರಿಗೆ ಆ ಮಾತು ಹೇಳುವ ಸುಲಭದ ದಾರಿ ನನಗೆ ಇನ್ನೂ ಸಿಕ್ಕಿಲ್ಲ.